ಚೀನೀಯರ ಪಥ್ಯಶಾಸ್ತ್ರ



ಒಂದು ಹಣ್ಣನ್ನೋ ಕಾಯಿಯನ್ನೋ ಮುಂದಿಟ್ಟುಕೊಂಡು, “ಇದು ಉಷ್ಣವೋ, ಶೀತವೋ?” ಎಂದು ಕೇಳುವುದು ನಮ್ಮ ಮನೆಗಳಲ್ಲಿ ವಾಡಿಕೆಯಾದ ಮಾತು. ಪರಂಗಿಹಣ್ಣು ಉಷ್ಣ, ಸೌತೆಕಾಯಿ ತಂಪು, ಎಳ್ಳು ಉಷ್ಣ, ಮಜ್ಜಿಗೆ ತಂಪು ಎಂದು ತಡೆಯಿಲ್ಲದೆ ಉತ್ತರ ಹೇಳುವ ಹಿರಿಯರೂ ಮನೆಮನೆಯಲ್ಲಿ ಇರುತ್ತಾರೆ. ಇದೇ ಪ್ರಶ್ನೆಯನ್ನು ನಮ್ಮಷ್ಟೇ ಆಸ್ಥೆಯಿಂದ ಬಹು ಪುರಾತನ ಕಾಲದಿಂದಲೂ ಕೇಳುತ್ತ ಬಂದಿರುವ ಇನ್ನೊಂದು ಜನಾಂಗವುಂಟು. ಅದು ಚೀನೀ ಜನಾಂಗ. ಅವರ ವೈದ್ಯದಲ್ಲಿ ಆಹಾರಕ್ಕೆ ಯಾವ ಸ್ಥಾನವಿದೆ, ಅವರು ಹೇಳುವ ಸಮತೆಯೆಂದರೆ ಏನು, ಈ ಕಾಲದ ವಿಜ್ಞಾನದ ಬೆಳಕಿನಲ್ಲಿ ಅದರಲ್ಲಿ ಎಷ್ಟನ್ನು ಉಳಿಸಿಕೊಳ್ಳಬಹುದು ಎಂಬುದನ್ನು ಈ ಹೊತ್ತು ತಮ್ಮ ಮುಂದೆ ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ.

ಹೇಳಬೇಕಾದ ಮುಖ್ಯ ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಂಥ ಪದಾರ್ಥ ಒಳ್ಳೆಯದು, ಇಂಥದು ಕೆಟ್ಟದ್ದು ಎಂಬ ಪಟ್ಟಿಯೇ ಪಥ್ಯವೆಂದು ಜನ ಸಾಮಾನ್ಯವಾಗಿ ತಿಳಿಯುತ್ತಾರೆ. ಚೀನೀ ವೈದ್ಯರಲ್ಲಿ ಶ್ರೇಷ್ಠರಾದವರು ಹಾಗೆ ತಿಳಿದಿರಲಿಲ್ಲ. ಉಣ್ಣುವವನು ಯಾರು, ಅವನ ವಯಸ್ಸೆಷ್ಟು, ದೇಹಸ್ಥಿತಿ ಎಂಥದು, ಋತು ಯಾವುದು, ಅವನು ವಾಸಮಾಡುವ ಸೀಮೆ ಎಂಥದು ಎಂದು ಅವರು ಮೊದಲು ವಿಚಾರಿಸಿದರು. ಪದಾರ್ಥದ ಮಾತನ್ನು ಆಮೇಲೆ ಎತ್ತಿದರು. ಅವರ ಶಾಸ್ತ್ರದಲ್ಲಿ ಇಂದಿಗೂ ಬಾಳತಕ್ಕ ಭಾಗ ಇದು. ಇದನ್ನು ಮರೆತು ಪಟ್ಟಿಯನ್ನು ಮಾತ್ರ ಹಿಡಿದುಕೊಂಡರೆ ಅದೇ ಶಾಸ್ತ್ರದಿಂದ ಕೇಡೂ ಆಗಬಹುದು.

ಚೀನಾ ದೇಶದ ಪ್ರಾಚೀನ ರಾಜ್ಯವ್ಯವಸ್ಥೆಯನ್ನು ವರ್ಣಿಸುವ ‘ಜೌ ಲಿ’ ಎಂಬ ಗ್ರಂಥದಲ್ಲಿ ಅರಮನೆಗೆ ಸೇರಿದ ವೈದ್ಯರನ್ನು ನಾಲ್ಕು ವರ್ಗಗಳಾಗಿ ಎಣಿಸಿದೆ: ಆಹಾರವೈದ್ಯರು, ರೋಗವೈದ್ಯರು, ವ್ರಣವೈದ್ಯರು, ಪಶುವೈದ್ಯರು. ಇವರಲ್ಲಿ ಮೊದಲು ಹೆಸರಿಸಿರುವುದು ಆಹಾರವೈದ್ಯರನ್ನು. ಅರಸನ ಅನ್ನಪಾನಗಳನ್ನು ಋತುವಿಗೆ ಒಪ್ಪುವಂತೆ ಹೊಂದಿಸುವುದು ಅವರ ಕೆಲಸ. ವಸಂತದಲ್ಲಿ ಹುಳಿ, ಬೇಸಿಗೆಯಲ್ಲಿ ಕಹಿ, ಶರತ್ಕಾಲದಲ್ಲಿ ಖಾರ, ಚಳಿಗಾಲದಲ್ಲಿ ಉಪ್ಪು ಸ್ವಲ್ಪ ಮುಂದಾಗಿರಬೇಕು; ಎಲ್ಲ ಕಾಲದಲ್ಲಿಯೂ ಸಿಹಿಯಿಂದ ಅವನ್ನು ಹದಗೊಳಿಸಬೇಕು ಎಂಬುದು ಅವರಿಗೆ ವಿಧಿಸಿದ ನಿಯಮ. ರೋಗ ಬಂದ ಮೇಲೆ ಮದ್ದು ಕೊಡುವವನಿಗಿಂತಲೂ ರೋಗ ಬಾರದಂತೆ ಉಣಬಡಿಸುವವನನ್ನು ಮುಂದಿಟ್ಟ ಈ ಕ್ರಮದಲ್ಲಿ ಒಂದು ನಾಗರಿಕತೆಯ ಮನೋಭಾವವೇ ಕಾಣುತ್ತದೆ.

ಕ್ರಿ. ಶ. ಏಳನೆಯ ಶತಮಾನದಲ್ಲಿ, ಟಾಂಗ್ ವಂಶದ ಅರಸರ ಕಾಲದಲ್ಲಿ ಸುನ್ ಸಿಮಿಯಾವ್ ಎಂಬ ಮಹಾವೈದ್ಯನಿದ್ದನು. ಸುಮಾರು 652ರಲ್ಲಿ ಮುಗಿದ ಅವನ ದೊಡ್ಡ ಗ್ರಂಥದಲ್ಲಿ ಆಹಾರಚಿಕಿತ್ಸೆಗೆಂದೇ ಒಂದು ಪ್ರತ್ಯೇಕ ಭಾಗವಿದೆ. ವೈದ್ಯನಾದವನು ರೋಗದ ಮೂಲವನ್ನು ತಿಳಿದು ಮೊದಲು ಆಹಾರದಿಂದ ಚಿಕಿತ್ಸೆ ಮಾಡಬೇಕು, ಅದರಿಂದ ಗುಣವಾಗದಿದ್ದರೆ ಮಾತ್ರ ಔಷಧಕ್ಕೆ ಕೈಹಾಕಬೇಕು ಎಂಬುದು ಅವನ ಅಭಿಪ್ರಾಯ. ಔಷಧವೆಂಬುದು ಅವನ ದೃಷ್ಟಿಯಲ್ಲಿ ದಂಡೆತ್ತಿ ಹೋಗುವ ಸೈನ್ಯದಂತೆ ಉಗ್ರವಾದದ್ದು. ಶತ್ರುವಿನೊಡನೆ ಊರಿಗೂ ಅದರಿಂದ ಹಾನಿ ತಪ್ಪದು. ಅವನ ಶಿಷ್ಯನಾದ ಮೆಂಗ್ ಶೆನ್ ಎಂಬವನು ಆಹಾರವಾಗಿಯೂ ಔಷಧವಾಗಿಯೂ ಒದಗುವ ಪದಾರ್ಥಗಳನ್ನು ಕುರಿತೇ ಒಂದು ನಿಘಂಟನ್ನು ರಚಿಸಿದನು. 1330ರಲ್ಲಿ ಹು ಸಿಹುಯಿ ಎಂಬ ಅರಮನೆಯ ಪಥ್ಯಾಧಿಕಾರಿಯು ಮಂಗೋಲ್ ಚಕ್ರವರ್ತಿಗೆ ಪಾಕಶಾಸ್ತ್ರವೂ ವೈದ್ಯವೂ ಬೆರೆತ ಒಂದು ಗ್ರಂಥವನ್ನು ಒಪ್ಪಿಸಿದನು. 1596ರಲ್ಲಿ ಅಚ್ಚಾಗಿ ಹೊರಬಂದ ಲಿ ಶಿಝೆನ್ನನ ದ್ರವ್ಯಕೋಶದಲ್ಲಿ 1,892 ಪದಾರ್ಥಗಳ ವಿವರಣೆಯಿದೆ. ಧಾನ್ಯ, ತರಕಾರಿ, ಹಣ್ಣುಗಳು ಅದರಲ್ಲಿ ದೊಡ್ಡ ಭಾಗವನ್ನೇ ಆಕ್ರಮಿಸಿವೆ.

ಇನ್ನು ಈ ಶಾಸ್ತ್ರದ ತತ್ತ್ವವನ್ನು ನೋಡೋಣ. ಜಗತ್ತಿನಲ್ಲಿ ಯಿನ್ ಮತ್ತು ಯಾಂಗ್ ಎಂಬ ಎರಡು ಪರಸ್ಪರಾಪೇಕ್ಷಿಗಳಾದ ಭಾವಗಳಿವೆಯೆಂದು ಚೀನೀಯರ ನಂಬಿಕೆ. ನೆರಳು, ತಂಪು, ತೇವ, ವಿಶ್ರಾಂತಿ ಇವು ಯಿನ್. ಬೆಳಕು, ಕಾವು, ಶುಷ್ಕತೆ, ಚಲನೆ ಇವು ಯಾಂಗ್. ಎರಡೂ ದೇಹದಲ್ಲಿ ಹದವಾಗಿದ್ದರೆ ‘ಚಿ’ ಎಂಬ ಪ್ರಾಣಶಕ್ತಿಯು ಸುಗಮವಾಗಿ ಸಂಚರಿಸುತ್ತದೆ, ಅದೇ ಆರೋಗ್ಯ. ಒಂದು ಮೇಲಾಗಿ ಇನ್ನೊಂದು ಕೆಳಗಾದರೆ ರೋಗ. ಆಹಾರಪದಾರ್ಥಗಳಿಗೂ ಇದೇ ಪ್ರಕಾರ ನಾಲ್ಕು ಸ್ವಭಾವಗಳನ್ನು ಹೇಳಿದ್ದಾರೆ: ಶೀತ, ತಂಪು, ಬೆಚ್ಚನೆ, ಉಷ್ಣ. ಇವುಗಳ ನಡುವೆ ಯಾವ ಕಡೆಗೂ ವಾಲದ ಸಮಸ್ವಭಾವದ ಪದಾರ್ಥಗಳೂ ಇವೆ. ದಿನನಿತ್ಯದ ಅಕ್ಕಿ ಅಂಥದು. ಸ್ವಭಾವವೆಂದರೆ ಮುಟ್ಟಿದರೆ ತಿಳಿಯುವ ಬಿಸಿ ತಣುಪಲ್ಲ. ತಿಂದ ಮೇಲೆ ದೇಹದಲ್ಲಿ ಆಗುವ ಪರಿಣಾಮ. ಇದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ಸ್ವಭಾವದ ಜೊತೆಗೆ ರಸ. ನಮ್ಮ ಆಯುರ್ವೇದದಲ್ಲಿ ಆರು ರಸಗಳಾದರೆ ಅವರಲ್ಲಿ ಐದು. ಒಗರನ್ನು ಅವರು ಹುಳಿಯೊಡನೆ ಸೇರಿಸಿಬಿಡುತ್ತಾರೆ. ಖಾರವು ಕಟ್ಟಿದ್ದನ್ನು ಚದುರಿಸಿ ಬೆವರಿಳಿಸುತ್ತದೆ, ಹುಳಿ ಬಿಗಿಹಿಡಿಯುತ್ತದೆ, ಸಿಹಿ ಶಮನಗೊಳಿಸಿ ಪುಷ್ಟಿ ಕೊಡುತ್ತದೆ, ಕಹಿ ತೇವವನ್ನು ಒಣಗಿಸಿ ಕಾವನ್ನು ಇಳಿಸುತ್ತದೆ, ಉಪ್ಪು ಗಟ್ಟಿಯಾದದ್ದನ್ನು ಮೆತ್ತಗೆ ಮಾಡುತ್ತದೆ. ಹುಳಿಗೆ ಯಕೃತ್ತು, ಕಹಿಗೆ ಹೃದಯ, ಸಿಹಿಗೆ ಪ್ಲೀಹ, ಖಾರಕ್ಕೆ ಶ್ವಾಸಕೋಶ, ಉಪ್ಪಿಗೆ ಮೂತ್ರಪಿಂಡ ಎಂದು ಒಂದೊಂದು ರಸಕ್ಕೂ ಒಂದೊಂದು ಅವಯವವನ್ನು ಗೊತ್ತುಮಾಡಿದ್ದಾರೆ. ಯಾವ ರಸವೂ ನಿಷಿದ್ಧವಲ್ಲ. ಯಾವುದು ಅತಿಯಾದರೂ ತನಗೆ ಸಂಬಂಧಪಟ್ಟ ಅವಯವವನ್ನೋ ಅದರ ನೆರೆಯದನ್ನೋ ಕೆಡಿಸುತ್ತದೆ ಎಂಬುದು ಅವರ ಸಿದ್ಧಾಂತ. ಅವರ ವೈದ್ಯಕ್ಕೆ ಮೂಲಗ್ರಂಥವಾದ ‘ಹ್ವಾಂಗ್‌ಡಿ ನೇಯ್‌ಜಿಂಗ್’ನಲ್ಲಿ ಧಾನ್ಯ ಪೋಷಣೆಗೆ, ಹಣ್ಣು ಸಹಾಯಕ್ಕೆ, ಮಾಂಸ ಪುಷ್ಟಿಗೆ, ತರಕಾರಿ ಪೂರ್ತಿಗೆ ಎಂಬ ವಿಂಗಡಣೆಯಿದೆ. ಅನ್ನವೇ ಮೊದಲು, ಉಳಿದುವೆಲ್ಲ ಅದರ ಸುತ್ತ ಎಂಬ ಈ ಕ್ರಮವನ್ನು ಚೀನೀ ಗೃಹಸ್ಥರ ಊಟದಲ್ಲಿ ಇಂದಿಗೂ ಕಾಣಬಹುದು.

ಈ ಸಾದೃಶ್ಯಗಳನ್ನು ನೋಡಿ ಎರಡು ಶಾಸ್ತ್ರಗಳೂ ಒಂದೇ ಎಂದು ಹೇಳುವುದಕ್ಕಾಗದು. ಅವರ ಐದು ಭೂತಗಳಲ್ಲಿ ಮರವೂ ಲೋಹವೂ ಸೇರಿವೆ, ನಮ್ಮ ತ್ರಿದೋಷ ಅವರಲ್ಲಿ ಇಲ್ಲ. ಆದರೂ ಎರಡು ದೇಶಗಳ ನಡುವೆ ಕೊಡುಕೊಳೆ ಇದ್ದದ್ದು ನಿಜ. ಬುದ್ಧನ ಕಾಲದ ವೈದ್ಯನೆಂದು ಪ್ರಸಿದ್ಧನಾದ ಜೀವಕನ ಹೆಸರನ್ನು ಸುನ್ ಸಿಮಿಯಾವ್ ತನ್ನ ಗ್ರಂಥದಲ್ಲಿ ಎತ್ತಿದ್ದಾನೆ. ಲೋಕದಲ್ಲಿ ಔಷಧವಾಗದ ವಸ್ತುವೇ ಇಲ್ಲವೆಂಬ ಮಾತನ್ನು ಅವನ ಮೇಲೆ ಹೇಳಿದ್ದಾನೆ. 671ರಲ್ಲಿ ಚೀನಾದಿಂದ ಹೊರಟು, ನಾಲಂದದಲ್ಲಿ ಸುಮಾರು ಹತ್ತು ವರ್ಷವಿದ್ದು, 695ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ಯಾತ್ರಿಕ ಇತ್ಸಿಂಗನು ಭಾರತೀಯರು ಕಾಯಿಲೆ ಬಿದ್ದಾಗ ಮೊದಲು ಉಪವಾಸ ಮಾಡುವುದನ್ನು ಕಂಡು ಮೆಚ್ಚಿ ಬರೆದಿದ್ದಾನೆ. ತನ್ನ ನಾಡಿನ ಗಿಡಮೂಲಿಕೆಗಳೇ ಮೇಲೆಂದು ಹೆಮ್ಮೆ ಪಡುವುದನ್ನೂ ಅವನು ಬಿಟ್ಟಿಲ್ಲ.

ಗ್ರಂಥದಲ್ಲಿರುವ ತತ್ತ್ವ ಅಡಿಗೆಯ ಮನೆಗೆ ಬಂದಾಗ ಅದರ ಚಮತ್ಕಾರ ತಿಳಿಯುತ್ತದೆ. ಏಡಿ ಬಹಳ ಶೀತವೆಂದು ಚೀನೀಯರ ಎಣಿಕೆ. ಆದರೆ ಶರತ್ಕಾಲದ ಏಡಿಯೆಂದರೆ ಅವರಿಗೆ ಪ್ರಾಣ. ಹಾಗಾದರೆ ಏನು ಮಾಡಬೇಕು? ಹಸಿಶುಂಠಿಯನ್ನು ಸಣ್ಣಗೆ ಹೆಚ್ಚಿ ವಿನೆಗರಿನಲ್ಲಿ ಹಾಕಿ ಅದರಲ್ಲಿ ಏಡಿಯನ್ನು ಅದ್ದಿ ತಿನ್ನುತ್ತಾರೆ. ಬೆಚ್ಚಗೆ ಮಾಡಿದ ಅಕ್ಕಿಯ ಮದ್ಯವನ್ನು ಜೊತೆಗೆ ಕುಡಿಯುತ್ತಾರೆ. ಪದಾರ್ಥವನ್ನು ಬಿಡಲಿಲ್ಲ, ಅದರ ಜೊತೆಯನ್ನು ಹುಡುಕಿದರು. ಬೇಸಿಗೆಯಲ್ಲಿ ಹೆಸರುಕಾಳನ್ನು ಬೇಯಿಸಿ ತೆಳ್ಳಗೆ ಮಾಡಿ ಕುಡಿಯುತ್ತಾರೆ, ಕಲ್ಲಂಗಡಿ, ಹಾಗಲಕಾಯಿ ತಿನ್ನುತ್ತಾರೆ. ಚಳಿಗಾಲದಲ್ಲಿ ಕುರಿಯ ಮಾಂಸಕ್ಕೆ ಶುಂಠಿಯನ್ನೂ ‘ಡಾಂಗ್‌ಗ್ವಿ’ ಎಂಬ ಬೇರನ್ನೂ ಹಾಕಿ ಸಾರು ಕಾಯಿಸುತ್ತಾರೆ, ಕ್ರಿ. ಶ. 200ರ ಸುಮಾರಿನಲ್ಲಿದ್ದ ಜಾಂಗ್ ಜೋಂಗ್‌ಜಿಂಗ್ ಎಂಬ ವೈದ್ಯನು ಬಾಣಂತಿಯ ಹೊಟ್ಟೆನೋವಿಗೆ ಹೇಳಿದ ಯೋಗವದು. ಒಣಕೆಮ್ಮಿಗೆ ಪೇರ್ ಹಣ್ಣನ್ನು ಕಲ್ಲುಸಕ್ಕರೆಯೊಡನೆ ಬೇಯಿಸಿ ಕೊಡುತ್ತಾರೆ. ಲಿಚಿ ಹಣ್ಣನ್ನು ಹೆಚ್ಚಾಗಿ ತಿಂದವನಿಗೆ ಬಾಯಿಹುಣ್ಣಾದರೆ, “ಬೆಂಕಿ ಮೇಲೇರಿತು” ಎನ್ನುತ್ತಾರೆ.

ಸೀಮೆಯ ವಿಚಾರವೂ ಹೀಗೆಯೇ. ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಸೆಕೆಯೂ ತೇವವೂ ಹೆಚ್ಚು; ಅಲ್ಲಿಯವರು ಕಹಿಯಾದ ಗಿಡಮೂಲಿಕೆಗಳನ್ನು ಕುದಿಸಿದ ‘ತಂಪು ಚಹ’ವನ್ನು ಬೀದಿಯ ಅಂಗಡಿಗಳಲ್ಲಿ ಕೊಂಡು ಕುಡಿಯುತ್ತಾರೆ. ಮೋಡವೂ ಮಂಜೂ ಕವಿದಿರುವ ಸಿಚುವಾನ್ ಪ್ರಾಂತದವರು ಮೈಯೊಳಗಿನ ತೇವವನ್ನು ಹೊರಗಟ್ಟಬೇಕೆಂದು ಮೆಣಸಿನಕಾಯಿಯನ್ನು ಧಾರಾಳವಾಗಿ ಬಳಸುತ್ತಾರೆ. ಅಡಿಗೆಯ ವಿಧಾನದಿಂದಲೂ ಸ್ವಭಾವ ಬದಲಾಗುತ್ತದೆಯೆಂದು ಅವರ ಮತ: ಹಸಿ ಮೂಲಂಗಿ ತಂಪು, ಬೇಯಿಸಿದರೆ ಸೌಮ್ಯ, ಹಸಿಶುಂಠಿ ಬೆಚ್ಚನೆ, ಒಣಶುಂಠಿ ಉಷ್ಣ. ಒಂದೇ ಪದಾರ್ಥ ಒಬ್ಬನಿಗೆ ಪಥ್ಯ, ಇನ್ನೊಬ್ಬನಿಗೆ ಅಪಥ್ಯ. ಅದೇ ಮನುಷ್ಯನಿಗೆ ಈ ತಿಂಗಳು ಪಥ್ಯ, ಮುಂದಿನ ತಿಂಗಳು ಅಪಥ್ಯ.

ಪಥ್ಯವೆಂಬುದು ಎಂಥ ಜೀವನ್ಮರಣದ ವಿಷಯವಾಗಬಹುದೆಂಬುದನ್ನು ತೋರಿಸುವ ಒಂದು ಚರಿತ್ರೆಯನ್ನು ಇಲ್ಲಿ ಹೇಳಬೇಕಾಗಿದೆ. 1232ರಲ್ಲಿ ಮಂಗೋಲರು ಜಿನ್ ರಾಜ್ಯದ ರಾಜಧಾನಿಯಾದ ಕೈಫೆಂಗ್ ನಗರಕ್ಕೆ ಮುತ್ತಿಗೆ ಹಾಕಿದರು. ಕೋಟೆಯೊಳಗೆ ಜನ ತುಂಬಿಹೋಗಿದ್ದರು. ಧಾನ್ಯ ಮುಗಿಯುತ್ತ ಬಂತು. ಕೆಲವು ಕಾಲದ ಮೇಲೆ ಮುತ್ತಿಗೆ ಸಡಿಲವಾಯಿತು. ಜನ ನಿಟ್ಟುಸಿರುಬಿಟ್ಟರು. ಸಾವು ಮೊದಲಾದದ್ದು ಆಗಲೇ. ನಗರಕ್ಕೆ ಹನ್ನೆರಡು ಬಾಗಿಲುಗಳು. ಒಂದೊಂದು ಬಾಗಿಲಿನಿಂದಲೂ ದಿನಕ್ಕೆ ಹೆಚ್ಚೆಂದರೆ ಎರಡು ಸಾವಿರ, ಕಡಮೆಯೆಂದರೆ ಒಂದು ಸಾವಿರ ಹೆಣಗಳು ಹೊರಗೆ ಹೋದುವು. ಹೀಗೆ ಸುಮಾರು ಮೂರು ತಿಂಗಳು ನಡೆಯಿತು ಎಂದು ಲಿ ಗಾವ್ ಎಂಬ ವೈದ್ಯನು ಬರೆದಿಟ್ಟಿದ್ದಾನೆ. ಅವನ ಲೆಕ್ಕದಲ್ಲಿ ಅತಿಶಯವಿದ್ದರೂ ಇರಲಿ, ವಿಪತ್ತು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ.

ಅಲ್ಲಿಯ ವೈದ್ಯರು ಇದನ್ನು ಹೊರಗಿನ ಶೀತದಿಂದ ಬಂದ ಜ್ವರವೆಂದು ನಿಶ್ಚಯಿಸಿ, ಬೆವರಿಳಿಸುವ ಮದ್ದನ್ನೂ ಭೇದಿಯ ಮದ್ದನ್ನೂ ಕೊಟ್ಟರು. ರೋಗಿಗಳು ಇನ್ನೂ ಬೇಗ ಸತ್ತರು. ಲಿ ಗಾವ್ ಬೇರೆ ವಿಧವಾಗಿ ಯೋಚಿಸಿದನು. ಈ ಜನ ಎರಡು ಮೂರು ತಿಂಗಳು ಬೆಳಗ್ಗೆ ಉಪವಾಸ, ಸಂಜೆ ಸಿಕ್ಕಿದಷ್ಟು ಊಟ ಎಂಬಂತೆ ಇದ್ದವರು. ನಿದ್ರೆಯಿಲ್ಲ, ದುಡಿಮೆಗೆ ಬಿಡುವಿಲ್ಲ, ಭಯಕ್ಕೆ ಕೊನೆಯಿಲ್ಲ. ಇವರ ಜಠರಶಕ್ತಿ ಎಂದೋ ಬಡವಾಗಿತ್ತು. ಮುತ್ತಿಗೆ ತೆಗೆದೊಡನೆ ಒಮ್ಮೆಗೇ ಹೊಟ್ಟೆತುಂಬ ಉಂಡರು; ದೇಹ ಅದನ್ನು ತಾಳಲಿಲ್ಲ. ಅದರ ಮೇಲೆ ಉಗ್ರವಾದ ಔಷಧವೂ ಬಿತ್ತು. ಹೊರಗಿನಿಂದ ಬಂದ ವೈರಿಯಿಂದಲ್ಲ, ಒಳಗಿನ ದೌರ್ಬಲ್ಯದಿಂದ ಇವರು ಸತ್ತರೆಂದು ಅವನು ತೀರ್ಮಾನಿಸಿದನು. ಪ್ಲೀಹ ಮತ್ತು ಜಠರಗಳನ್ನು ಕುರಿತ ಅವನ ಪ್ರಸಿದ್ಧ ಗ್ರಂಥವು 1249ರದು. ಅದರ ಹಿಂದೆ ಕೈಫೆಂಗಿನ ಹನ್ನೆರಡು ಬಾಗಿಲುಗಳ ನೆನಪಿದೆ.

ಅದು ಯಾವುದೋ ಸಾಂಕ್ರಾಮಿಕ ರೋಗವಾಗಿತ್ತೆಂದು ವಾದಿಸುವ ಇತಿಹಾಸಕಾರರೂ ಇದ್ದಾರೆ. ಎರಡೂ ಕೂಡಿಯೇ ಇದ್ದಿರಬಹುದು. ಆದರೆ ಬಹುದಿನ ಹಸಿದವನಿಗೆ ಒಮ್ಮೆಗೇ ಯಥೇಚ್ಛವಾಗಿ ಉಣಿಸಿದರೆ ಪ್ರಾಣಾಪಾಯವುಂಟೆಂಬುದು ಆಧುನಿಕ ವೈದ್ಯಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೆರೆಯಿಂದ ಬಿಡುಗಡೆಯಾದವರಲ್ಲಿ ವೈದ್ಯರು ಇದನ್ನು ಕಣ್ಣಾರೆ ಕಂಡರು. ಹಸಿದ ದೇಹದಲ್ಲಿ ರಂಜಕವೇ ಮೊದಲಾದ ಲವಣಗಳ ಸಂಗ್ರಹ ಬರಿದಾಗಿರುತ್ತದೆ. ಏಕಾಏಕಿ ಊಟ ಬಿದ್ದೊಡನೆ ರಕ್ತದಲ್ಲಿ ಉಳಿದಿದ್ದ ಅಲ್ಪಸ್ವಲ್ಪವೂ ಜೀವಕೋಶಗಳೊಳಕ್ಕೆ ಸೆಳೆದುಹೋಗಿ ಹೃದಯ ಸೋಲುತ್ತದೆ. ಲಿ ಗಾವ್‌ಗೆ ರಂಜಕದ ಲೆಕ್ಕ ತಿಳಿದಿರಲಿಲ್ಲ. ಉಣ್ಣುವವನ ಸ್ಥಿತಿಯನ್ನು ನೋಡುವ ಕಣ್ಣು ಇತ್ತು. ಅನ್ನದಂಥ ಅನ್ನವೂ ಹೊತ್ತು ತಪ್ಪಿದರೆ, ಅಳತೆ ತಪ್ಪಿದರೆ ವಿಷವಾದೀತು ಎಂಬ ಪಾಠವನ್ನು ಅವನು ಅಷ್ಟು ಹೆಣಗಳ ನಡುವೆ ಕಲಿತನು.

ಹಾಗಾದರೆ ಈ ಶಾಸ್ತ್ರವನ್ನು ಪೂರ್ತಿಯಾಗಿ ನಂಬಬಹುದೇ ಎಂದು ತಾವು ಕೇಳಬಹುದು. ಇಲ್ಲಿ ವಿವೇಚನೆ ಬೇಕು. ಅನುಭವದಿಂದ ಕಂಡುಕೊಂಡದ್ದು ಒಂದು. ಅದನ್ನು ವಿವರಿಸಲು ಕಟ್ಟಿದ ಸಿದ್ಧಾಂತ ಇನ್ನೊಂದು. ನಾಲ್ಕನೆಯ ಶತಮಾನದಲ್ಲಿ ಗೆ ಹೋಂಗ್ ಎಂಬವನು ಗಳಗಂಡಕ್ಕೆ ಕಡಲ ಪಾಚಿಯನ್ನು ಮದ್ಯದಲ್ಲಿ ನೆನೆಯಿಟ್ಟು ಕೊಡಬೇಕೆಂದು ಹೇಳಿದನು. ಸುನ್ ಸಿಮಿಯಾವ್ ಅದರೊಡನೆ ಕುರಿ ಮತ್ತು ಜಿಂಕೆಗಳ ಗಂಟಲ ಗ್ರಂಥಿಯನ್ನೂ ಉಪಯೋಗಿಸಿದನು. ಉಪ್ಪುರಸವು ಗಟ್ಟಿಯಾದದ್ದನ್ನು ಮೆತ್ತಗೆ ಮಾಡುತ್ತದೆ, ಆದುದರಿಂದ ಕಡಲ ಪಾಚಿ ಗಂಟನ್ನು ಕರಗಿಸುತ್ತದೆಯೆಂಬುದು ಅವರು ಕೊಟ್ಟ ಕಾರಣ. ನಿಜವಾದ ಕಾರಣ ಬಹುಕಾಲದ ಮೇಲೆ ತಿಳಿಯಿತು: 1811ರಲ್ಲಿ ಪ್ಯಾರಿಸಿನ ಕುರ್ತ್ವಾ ಎಂಬವನು ಕಡಲ ಪಾಚಿಯ ಬೂದಿಯಲ್ಲಿ ಅಯೋಡಿನನ್ನು ಕಂಡುಹಿಡಿದನು, 1895ರಲ್ಲಿ ಜರ್ಮನಿಯ ಬೌಮನ್ ಅದೇ ಅಯೋಡಿನ್ ಥೈರಾಯಿಡ್ ಗ್ರಂಥಿಯಲ್ಲಿರುವುದನ್ನು ತೋರಿಸಿದನು. ಮದ್ದು ಸರಿ, ಕಾರಣ ತಪ್ಪು. ಇರುಳುಗಣ್ಣಿಗೆ ಪ್ರಾಣಿಗಳ ಯಕೃತ್ತನ್ನು ತಿನ್ನಿಸಿದ್ದೂ ಇದೇ ತರಹ. ಅದರಲ್ಲಿರುವ ಎ ಜೀವಸತ್ತ್ವವೇ ಕೆಲಸ ಮಾಡಿದ್ದು.

ಪರೀಕ್ಷೆಗೆ ನಿಂತು ಗೆದ್ದದ್ದನ್ನು ಲೋಕವು ಗೌರವಿಸುತ್ತದೆ. ಅದೇ ಗೆ ಹೋಂಗನ ಗ್ರಂಥದಲ್ಲಿದ್ದ ಒಂದು ಸೂಚನೆಯನ್ನು ಹಿಡಿದು, ಒಂದು ಸಸ್ಯದಿಂದ ಮಲೇರಿಯಾಕ್ಕೆ ಔಷಧವನ್ನು ತೆಗೆದ ತು ಯೂಯೂ ಎಂಬ ಮಹಿಳೆಗೆ 2015ರಲ್ಲಿ ನೊಬೆಲ್ ಬಹುಮಾನ ಬಂತು. ಹಳೆಯ ಗ್ರಂಥದಲ್ಲಿದೆಯೆಂಬ ಮಾತ್ರಕ್ಕೆ ಆಕೆಗೆ ಆ ಮನ್ನಣೆ ದೊರೆಯಲಿಲ್ಲ. ಶೋಧಿಸಿ, ಅಳೆದು, ರೋಗಿಗಳಲ್ಲಿ ಪರೀಕ್ಷಿಸಿ ತೋರಿಸಿದ್ದಕ್ಕಾಗಿ ದೊರೆಯಿತು. ಹುಳಿಗೂ ಯಕೃತ್ತಿಗೂ, ಕಹಿಗೂ ಹೃದಯಕ್ಕೂ ಕಟ್ಟಿದ ನಂಟು ಇಂಥ ಪರೀಕ್ಷೆಯಲ್ಲಿ ನಿಂತಿಲ್ಲ. ಅದನ್ನು ಒಂದು ಪ್ರಾಚೀನ ಕಲ್ಪನೆಯಾಗಿ ಆದರದಿಂದ ಓದಬಹುದು. ರೋಗಿಯ ತಟ್ಟೆಗೆ ಅದನ್ನೇ ಆಧಾರವಾಗಿ ಮಾಡತಕ್ಕದ್ದಲ್ಲ.

ಇದಕ್ಕೆ ಎರಡು ಮೂರು ಉದಾಹರಣೆಗಳನ್ನು ಕೊಡುತ್ತೇನೆ. ಅಕ್ಕಿಯ ಗಂಜಿ ಎಲ್ಲ ರೋಗಿಗಳಿಗೂ ಮೃದುವಾದ ಆಹಾರವೆಂದು ಚೀನೀಯರ ಭಾವನೆ. ಜಾಂಗ್ ಜೋಂಗ್‌ಜಿಂಗ್ ಜ್ವರಕ್ಕೆ ಒಂದು ಕಷಾಯವನ್ನು ಹೇಳಿ, ಕುಡಿದ ಮೇಲೆ ಬಿಸಿಯಾದ ತೆಳುಗಂಜಿಯನ್ನು ಗುಟುಕರಿಸಬೇಕೆಂದು ವಿಧಿಸಿದ್ದಾನೆ. ಜ್ವರದಿಂದ ಬಳಲಿದವನಿಗೆ ಅದು ಹಿತವೇ ಸರಿ. ಮಧುಮೇಹವಿರುವವನಿಗೋ? ನುಣ್ಣಗೆ ಬೆಂದ ಗಂಜಿ ರಕ್ತದ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. ಸೌಮ್ಯವೆಂದು ಹೆಸರಾದದ್ದು ಅವನಿಗೆ ಸೌಮ್ಯವಲ್ಲ. ಜ್ಯೇಷ್ಠಮಧುವನ್ನು ಅನೇಕ ಯೋಗಗಳಲ್ಲಿ ಎಲ್ಲವನ್ನೂ ಹೊಂದಿಸುವ ದ್ರವ್ಯವೆಂದು ಸೇರಿಸುತ್ತಾರೆ. ಬಹುದಿನ ಹೆಚ್ಚಾಗಿ ತಿಂದರೆ ಅದು ರಕ್ತದ ಒತ್ತಡವನ್ನು ಏರಿಸಿ, ದೇಹದ ಪೊಟ್ಯಾಸಿಯಂ ಲವಣವನ್ನು ಕಡಮೆಮಾಡುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದಲ್ಲಿ ಮೈ ತೆಳ್ಳಗಾಗಲೆಂದು ಚೀನೀ ಮೂಲಿಕೆಗಳಿದ್ದ ಗುಳಿಗೆಗಳನ್ನು ನುಂಗಿದ ಹಲವು ಮಂದಿ ಹೆಂಗಸರಿಗೆ, ಅದರಲ್ಲಿ ಸೇರಿದ್ದ ಅರಿಸ್ಟೊಲೋಕಿಯ ಜಾತಿಯ ಸಸ್ಯದಿಂದ ಮೂತ್ರಪಿಂಡಗಳು ಕೆಟ್ಟುಹೋದುವು. ಆಹಾರಕ್ಕೂ ಔಷಧಕ್ಕೂ ನಡುವಿನ ಗೆರೆಯನ್ನು ಎಚ್ಚರದಿಂದ ಎಳೆಯಬೇಕೆಂದು ಚೀನಾ ಸರ್ಕಾರವೂ ಅರಿತಿದೆ. 2002ರಲ್ಲಿ ಅಲ್ಲಿಯ ಆರೋಗ್ಯ ಇಲಾಖೆಯು ಎರಡೂ ಆಗಿ ಬಳಸಬಹುದಾದ 87 ಪದಾರ್ಥಗಳ ಪಟ್ಟಿಯನ್ನು ಪ್ರಕಟಿಸಿತು, ಆಮೇಲೆ ಅದಕ್ಕೆ ಮತ್ತೆ ಕೆಲವನ್ನು ಸೇರಿಸಿದೆ.

ಉಪ್ಪಿನ ವಿಚಾರ ಇನ್ನೂ ಸ್ವಾರಸ್ಯವಾದದ್ದು. ಉಪ್ಪು ಅತಿಯಾದರೆ ನಾಡಿಗಳಲ್ಲಿ ರಕ್ತದ ಹರಿವು ತೊಡಕಾಗುತ್ತದೆಯೆಂಬ ಅರ್ಥದ ಎಚ್ಚರಿಕೆ ‘ನೇಯ್‌ಜಿಂಗ್’ನಲ್ಲಿಯೇ ಇದೆ. ದಿನಕ್ಕೆ ಐದು ಗ್ರಾಮಿಗಿಂತ ಕಡಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೆ ಸೋಯಾ ರಸಕ್ಕೂ ಉಪ್ಪಿನಲ್ಲಿ ಹಾಕಿಟ್ಟ ತರಕಾರಿಗಳಿಗೂ ಒಗ್ಗಿದ ಚೀನೀಯರು ತಿನ್ನುವುದು ಅದಕ್ಕಿಂತ ಬಹಳ ಹೆಚ್ಚು. ಉಪ್ಪಿನಕಾಯಿ ಹಪ್ಪಳಗಳ ನಾಡಿನವರಾದ ನಾವು ಇದನ್ನು ಕೇಳಿ ನಗುವುದಕ್ಕಾಗದು. ಶಾಸ್ತ್ರ ಕಪಾಟಿನಲ್ಲಿದ್ದು ನಾಲಗೆ ತನ್ನ ದಾರಿ ಹಿಡಿಯುವುದು ಎಲ್ಲ ದೇಶಗಳಲ್ಲಿಯೂ ಉಂಟು.

ಒಟ್ಟಿನಲ್ಲಿ ನಾವು ಇಟ್ಟುಕೊಳ್ಳತಕ್ಕದ್ದು ಯಾವುದು? ಕಾಲಕ್ಕೆ ತಕ್ಕ ಆಹಾರ. ಹೊತ್ತಿಗೆ ಸರಿಯಾದ ಊಟ. ಹೊಟ್ಟೆಯಲ್ಲಿ ಸ್ವಲ್ಪ ಎಡೆಯಿರುವಾಗಲೇ ಕೈತೊಳೆಯುವುದು. ಒಂದೇ ರಸಕ್ಕೆ ಅಂಟಿಕೊಳ್ಳದಿರುವುದು. ಧಾನ್ಯದ ಜೊತೆಗೆ ತರಕಾರಿ ಹಣ್ಣುಗಳಿಗೂ ತಕ್ಕಷ್ಟು ಸ್ಥಳ ಕೊಡುವುದು. ಕಾಯಿಲೆಯಿಂದ ಎದ್ದವನಿಗೆ ಅವಸರವಿಲ್ಲದೆ ಉಣಿಸುವುದು. ಇವುಗಳಿಗೆ ಯಿನ್ ಯಾಂಗಿನ ಸಾಕ್ಷ್ಯವೂ ಬೇಕಾಗಿಲ್ಲ, ಪ್ರಯೋಗಶಾಲೆಯ ವಿರೋಧವೂ ಇಲ್ಲ. ಬಿಡತಕ್ಕದ್ದು ಯಾವುದು? ಮಧುಮೇಹ, ಮೂತ್ರಪಿಂಡದ ರೋಗ, ಹೃದ್ರೋಗಗಳಂಥ ವ್ಯಾಧಿಗಳಲ್ಲಿ ವೈದ್ಯನು ಕೊಟ್ಟ ಔಷಧವನ್ನು ನಿಲ್ಲಿಸಿ ಸೊಪ್ಪುಬೇರುಗಳನ್ನೇ ನಂಬುವ ಸಾಹಸ. ಮೊದಲು ಆಹಾರ ಎಂದ ಸುನ್ ಸಿಮಿಯಾವ್, ಆಹಾರದಿಂದ ಆಗದಿದ್ದರೆ ಔಷಧ ಎಂದೂ ಹೇಳಿದ್ದಾನೆ. ಅವನ ಮಾತಿನ ಮೊದಲರ್ಧವನ್ನು ಹಿಡಿದು ಎರಡನೆಯದನ್ನು ಬಿಡುವವರು ಅವನ ಅನುಯಾಯಿಗಳಲ್ಲ.

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಾಗ ನೆರೆಹೊರೆಯವರೆಲ್ಲ ಬಂದು, “ಇದನ್ನು ಕೊಡಿ, ಬಹಳ ಒಳ್ಳೆಯದು; ಅದನ್ನು ಕೊಡಬೇಡಿ, ಕೆಟ್ಟದ್ದು” ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಅವರಿಗೆ ಉತ್ತರವಾಗಿ ಕೇಳಬೇಕಾದ ಪ್ರಶ್ನೆ ಒಂದೇ: “ಯಾರಿಗೆ?” ಅದೇ ಗಂಜಿ ಜ್ವರದವನಿಗೆ ಬಲ, ಮಧುಮೇಹಿಗೆ ಭಾರ, ಅದೇ ಅನ್ನ ಕೈಫೆಂಗಿನಲ್ಲಿ ಹಸಿದವರಿಗೆ ಮೃತ್ಯು. ತಟ್ಟೆಯನ್ನು ನೋಡುವ ಮುನ್ನ ಅದರ ಮುಂದೆ ಕುಳಿತವರ ಮುಖವನ್ನು ನೋಡಬೇಕು.